ಸಿಸ್ಟರ್ ಕಟ್ಟಿಸಿದ ಕಂಪ್ಯೂಟರ್

ಮೊಬೈಲಿಗೆ ಬಂದ ಶ್ರದ್ಧಾಂಜಲಿಯ ಚಿತ್ರದಲ್ಲಿದ್ದ ಹೆಸರು ಓದಿದಾಗ ಅದು ಯಾರದೆಂದು ನನಗೆ ಹೊಳೆಯಲಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿದೆ. ಎಣ್ಣೆ ಹಚ್ಚಿ ಬಿಗಿಯಾಗಿ ಹಿಂದಕ್ಕೆ ಬಾಚಿದ ಕೂದಲು, ಫೋಟೊ ತೆಗೆಯುವವನು ಬೇಗ ಮುಗಿಸಿದರೆ ಸಾಕು ಎನ್ನುವಂಥ ನೋಟ. ನಮ್ಮ ಸಿಸ್ಟರ್!

ಹಗರಿಬೊಮ್ಮನಹಳ್ಳಿಯಲ್ಲಿ ನಾನು ಕೆಲವು ವರ್ಷ ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ನಡುವೆ ಒಂದೇ ಗೋಡೆ. ಅಷ್ಟು ಕಾಲದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಲಿಲ್ಲ. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ. ಊರಿಗೆಲ್ಲ ಅವರು ಸಿಸ್ಟರ್. ಹಾಲಿನವನಿಗೆ, ಮನೆ ಮಾಲೀಕರಿಗೆ, ತರಕಾರಿಯವಳಿಗೆ, ನನಗೆ, ಎಲ್ಲರಿಗೂ. ಅವರ ತಾಯಿ ಕೂಡ ಕೊನೆಯ ದಿನಗಳಲ್ಲಿ ನೆನಪು ಕೆಟ್ಟು, ಹಾಸಿಗೆಯಿಂದ “ಸಿಸ್ಟರ್ರೀ, ನನ್ನ ಮಗಳು ಯಾವಾಗ ಬರ್ತಾಳ್ರಿ?” ಎಂದು ಮಗಳನ್ನೇ ಕೇಳುತ್ತಿದ್ದರು. “ಡ್ಯೂಟಿ ಮುಗಿಸಿ ಬರ್ತಾಳ, ಮಕ್ಕೋರಿ,” ಎಂದು ಇವರು ಹೊದಿಕೆ ಸರಿ ಮಾಡುತ್ತಿದ್ದರು. ಆ ಮಾತು ಗೋಡೆಯ ಈಚೆಗೂ ಕೇಳುತ್ತಿತ್ತು. ಇಲ್ಲಿಯೂ ನಾನು ಹೆಸರು ಬರೆಯುವುದಿಲ್ಲ. ಬರೆದರೆ ಬೇರೆ ಯಾರದೋ ಕಥೆ ಹೇಳಿದ ಹಾಗಾಗುತ್ತದೆ.

ಮಾತಾಡುವಾಗ ಎದುರಿನವರ ಮಣಿಕಟ್ಟು ಹಿಡಿದುಕೊಳ್ಳುವುದು ಅವರ ರೂಢಿ. ಪ್ರೀತಿಗೋ ನಾಡಿ ನೋಡುವುದಕ್ಕೋ ತಿಳಿಯುತ್ತಿರಲಿಲ್ಲ. ಯಾರಾದರೂ ಓಡಿಬಂದು ಏನಾದರೂ ಹೇಳಹೊರಟರೆ, “ಮೊದ್ಲು ಉಸಿರು ಬಿಡ್ರಿ, ಆಮ್ಯಾಲ ಹೇಳ್ರಿ,” ಎನ್ನುತ್ತಿದ್ದರು. ಸಂತೆಗೆ ಜೊತೆಯಲ್ಲಿ ಹೋದರೆ ನಾಲ್ಕು ಹೆಜ್ಜೆಗೊಬ್ಬಳು ತಡೆದು ನಿಲ್ಲಿಸುವಳು. “ಸಿಸ್ಟರ್, ಇವ ನೋಡ್ರಿ, ನೀವ ಎತ್ಕೊಂಡಿದ್ರಿ ಮೊದ್ಲು.” ಮೀಸೆ ಬಂದ ಗಂಡಸು ನಾಚಿಕೊಂಡು ನಿಂತಿರುತ್ತಿದ್ದ. ಇವರು ಅವನನ್ನು ಮೇಲಿಂದ ಕೆಳಗೆ ನೋಡಿ, “ತಡಾ ಮಾಡಿ ಅತ್ತಿದ್ದ ಇವ, ಹೆದರಿಸಿಬಿಟ್ಟಿದ್ದ,” ಎನ್ನುವರು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅವರು ತಮ್ಮ ದಾರಿ, ಇವರು ತಮ್ಮ ದಾರಿ. ಒಮ್ಮೆ ಬದನೆಕಾಯಿ ಆರಿಸುತ್ತ ತಮ್ಮಷ್ಟಕ್ಕೆ ಹೇಳಿದರು: “ಎಲ್ಲಾರದೂ ಮೊದಲನೇ ಗಳಿಗಿ ನನಗ ಗೊತ್ತೈತಿ. ಆಮ್ಯಾಲಿಂದು ಒಬ್ಬರದೂ ಗೊತ್ತಿಲ್ಲ.”

ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಡುಮನೆಯ ಗೋಡೆಯಲ್ಲಿ ಬುದ್ಧನ ಚಿತ್ರ, ಅದರ ಕೆಳಗೆ ತಾಯಿಯ ಮಂಚ. ತಾಯಿ ತೀರಿಕೊಂಡ ಮೇಲೂ ಬಹಳ ದಿನ ಆ ಮಂಚವನ್ನು ತೆಗೆಯಲಿಲ್ಲ. ಡ್ಯೂಟಿಯಿಂದ ಬಂದವರು ಅದರ ಪಕ್ಕದ ಕುರ್ಚಿಯಲ್ಲೇ ಕೂತು ಮೊಬೈಲು ನೋಡುತ್ತಿದ್ದರು.

ಒಂದು ಭಾನುವಾರ ಬಾಗಿಲಿಗೆ ಬಂದರು. ನಾನು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು ಎಂಬುದು ಅವರಿಗೆ ಗೊತ್ತಿತ್ತು.

“ಮೇಡಂ, ಗೇಮ್ ಆಡೋ ಕಂಪ್ಯೂಟರ್ ಅಂದ್ರ ಅದರಾಗ ಏನೇನ್ ಇರ್ತಾವ್ರಿ?”

ಹರಪನಹಳ್ಳಿಯಲ್ಲಿ ಅವರಿಗೊಬ್ಬ ತಮ್ಮನಿದ್ದ, ಅವನಿಗೊಬ್ಬ ಮಗನಿದ್ದ. “ತಮ್ಮನ ಮಗಗೇನ್ರಿ?” ಎಂದೆ.

“ಅಲ್ರಿ, ನನಗ.”

ನಾನು ನಕ್ಕುಬಿಟ್ಟೆನೇನೋ. ಅವರು ನಗಲಿಲ್ಲ. ಒಳಗೆ ಬಂದು ಕೂತು ಮೊಬೈಲು ತೆಗೆದು ಒಂದು ವಿಡಿಯೊ ತೋರಿಸಿದರು. ಯಾರೋ ಆಡುತ್ತಿರುವ ಆಟ. ಕುದುರೆಯ ಮೇಲೆ ಕೂತವನೊಬ್ಬ ದೊಡ್ಡ ಬಯಲಿನಲ್ಲಿ ಹೋಗುತ್ತಾನೆ. ಮಾತಿಲ್ಲ, ಹೊಡೆದಾಟವಿಲ್ಲ. ಬಯಲು ಮುಗಿದು ಕಾಡು, ಕಾಡು ಮುಗಿದು ಹಿಮದ ಬೆಟ್ಟ. ತಾಯಿಗೆ ಟಿವಿಯ ಸದ್ದು ಆಗಿಬರುತ್ತಿರಲಿಲ್ಲವಂತೆ. ಹಾಸಿಗೆಯ ಪಕ್ಕ ಕೂತು, ಸದ್ದು ತೆಗೆದು, ವರ್ಷಗಟ್ಟಲೆ ಇಂಥವನ್ನೇ ನೋಡಿದ್ದರು.

“ಇನ್ನೊಬ್ರು ಹೊಂಟಿದ್ದು ನೋಡಿ ನೋಡಿ ಸಾಕಾಗೈತ್ರಿ. ಅವ ಎಡಕ್ಕ ಹೋಗ್ತಾನ, ನನಗ ಬಲಕ್ಕ ಏನೈತಿ ನೋಡ್ಬೇಕು ಅನಸ್ತೈತಿ. ನಾನ ಹೋಗ್ತೀನಿ ಇನ್ನ.”

ದುಡ್ಡಿನ ಮಾತು ಬಂದಾಗ ಐವತ್ತು ಸಾವಿರ ಎಂದರು. ತಾಯಿಯ ಔಷಧಕ್ಕೆಂದು ತಿಂಗಳಿಗಿಷ್ಟು ತೆಗೆದಿಡುವ ಅಭ್ಯಾಸ. ತಾಯಿ ಹೋದ ಮೇಲೂ ಸಂಬಳ ಬಂದ ದಿನ ಕೈ ತಾನಾಗಿ ತೆಗೆದಿಡುತ್ತಲೇ ಹೋಗಿತ್ತು. ಅದಕ್ಕಿಂತ ಮೇಲೆ ಇಲ್ಲ ಎಂದರು.

ಅಂಥ ಆಟಕ್ಕೆ, ಪರದೆಯೂ ಸೇರಿ, ಅದು ಬಿಗಿಯಾದ ದುಡ್ಡು. ಅಂಗಡಿಯಲ್ಲಿ ತಯಾರಾಗಿ ಸಿಗುವುದು ಈ ಬೆಲೆಗೆ ಬರುವುದಿಲ್ಲ. ಒಂದೊಂದೇ ಭಾಗ ಆರಿಸಿ ಜೋಡಿಸಬೇಕು, ಒಂದು ಕಡೆ ಹೆಚ್ಚಾದರೆ ಇನ್ನೊಂದು ಕಡೆ ಕಡಿಮೆ ಮಾಡಬೇಕು ಎಂದು ವಿವರಿಸಿದೆ. ನನ್ನ ಊಟದ ಮೇಜಿನ ಮೇಲೆ ಎಷ್ಟೋ ಸಂಜೆ ಈ ಕೆಲಸ ನಡೆಯಿತು. ಪ್ರತಿ ಭಾಗಕ್ಕೂ ಅವರದು ಎರಡೇ ಪ್ರಶ್ನೆ: ಇದು ಏನು ಮಾಡ್ತೈತಿ, ಇದು ಕೆಟ್ಟರ ಏನಾಗ್ತೈತಿ.

ಬೆಟ್ಟ, ನೀರು, ನೆರಳು ಎಲ್ಲ ಮೂಡಿಸುವುದು ಗ್ರಾಫಿಕ್ಸ್ ಕಾರ್ಡು, ಅರ್ಧ ದುಡ್ಡು ಅದಕ್ಕೇ ಹೋಗುತ್ತದೆ ಎಂದಾಗ ಹೌಹಾರಿದರು. ಹೊಸದು ಆಗುವುದಿಲ್ಲ, ಬಳಸಿದ್ದು ಹುಡುಕಬೇಕು ಎಂದೆ. ಪವರ್ ಸಪ್ಲೈ ಎಂಬ ಡಬ್ಬಿ ಕರೆಂಟನ್ನು ಅಳೆದು ಎಲ್ಲಕ್ಕೂ ಹಂಚುತ್ತದೆ, ಅಗ್ಗದ್ದು ಹಾಕಿದರೆ ಒಂದು ದಿನ ತಾನೂ ಸುಟ್ಟು ಉಳಿದವನ್ನೂ ಸುಡುತ್ತದೆ ಎಂದಾಗ, “ಹಂಗಾದ್ರ ಅದು ಚಲೋದ ಇರ್ಲಿ. ಅದರಾಗ ಉಳಸೋದು ಬ್ಯಾಡ,” ಎಂದು ತಕ್ಷಣ ತೀರ್ಮಾನಿಸಿದರು. ನಮ್ಮ ಕಡೆಯ ಕರೆಂಟು ಗೊತ್ತಿದ್ದವರಿಗೆ ಆ ಮಾತು ಅರ್ಥವಾಗುತ್ತದೆ.

ಜಗಳವಾದದ್ದು ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ವಿಷಯಕ್ಕೆ. ಒಂದೇ ಹೆಸರಿನದು ಎರಡು ಬಗೆ. ಒಂದು ತನ್ನೊಳಗೇ ಅಷ್ಟಿಷ್ಟು ಚಿತ್ರ ತೋರಿಸುವ ಶಕ್ತಿ ಇಟ್ಟುಕೊಂಡಿರುತ್ತದೆ, ಸ್ವಲ್ಪ ದುಬಾರಿ. ಇನ್ನೊಂದಕ್ಕೆ ಕಾರ್ಡು ಇಲ್ಲದೆ ಕಣ್ಣೇ ಇಲ್ಲ. ಹಾಕುತ್ತಿರುವುದು ಹಳೆಯ ಕಾರ್ಡು, ನಾಳೆ ಅದು ಕೆಟ್ಟರೂ ಪರದೆ ಕಾಣಬೇಕು, ದುಬಾರಿಯದೇ ಇರಲಿ ಎಂದು ನಾನು ಪಟ್ಟು ಹಿಡಿದೆ. ಹಾಗಾದರೆ ದೊಡ್ಡ ಮಾನಿಟರ್ ಬರುವುದಿಲ್ಲ. ಅವರಿಗೆ ದೊಡ್ಡದೇ ಬೇಕಿತ್ತು. ಅಂಗಡಿಯ ಚಿತ್ರದಲ್ಲಿ ಕಂಡು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಎರಡು ದಿನ ಮಾತಿಗೆ ಬರಲಿಲ್ಲ. ಮೂರನೆಯ ದಿನ ಒಗ್ಗರಣೆ ಮಂಡಕ್ಕಿ ತಂದಿಟ್ಟು, “ಸಣ್ಣದ ಇರ್ಲಿ ಬಿಡ್ರಿ. ಕನ್ನಡಕ ಐತಿ, ಸಮೀಪ ಕುಂದರ್ತೀನಿ,” ಎಂದರು.

ಕೊಳ್ಳಲು ಹೊಸಪೇಟೆಗೆ ಹೋದೆವು. ಅಂಗಡಿಯ ಯುವಕ ಅವರ ನರೆಗೂದಲು ನೋಡಿ, “ಮೊಮ್ಮಗಗೇನ್ರಿ ಅಮ್ಮಾ?” ಎಂದ.

“ಯಾಕಪಾ, ನನ್ನ ಕೈ ನಡಗ್ತಾವೇನು?” ಎಂದು ಎರಡೂ ಕೈ ಚಾಚಿ ಗಾಜಿನ ಮೇಲೆ ಇಟ್ಟರು. ಅವನು ಪೆಚ್ಚಾಗಿ ಬಣ್ಣಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ ಪೆಟ್ಟಿಗೆಗಳನ್ನು ತೋರಿಸತೊಡಗಿದ. “ಮದಿವಿ ಮನಿ ಕಂಡಂಗ ಐತಿ. ಬ್ಯಾಡ, ಗಾಳಿ ಆಡೋದು ಕೊಡು.” ಬಳಸಿದ ಗ್ರಾಫಿಕ್ಸ್ ಕಾರ್ಡನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದರು, ಹಿಂದೆ ಮುಂದೆ ತಿರುಗಿಸಿದರು. “ಇದಕ್ಕ ಮೊದ್ಲು ಏನರ ಬ್ಯಾನಿ ಬಂದಿತ್ತಾ? ಖರೇ ಹೇಳು.” ಅವನು ಇಲ್ಲವೆಂದ. ಇವರು ಅವನ ಮುಖವನ್ನೊಮ್ಮೆ ನೋಡಿ ಪರ್ಸು ತೆಗೆದರು. ಬಸ್ಸಿನಲ್ಲಿ ಆ ಕಾರ್ಡಿನ ಡಬ್ಬಿಯನ್ನು ಮಡಿಲಿನಿಂದ ಕೆಳಗಿಡಲಿಲ್ಲ.

ಅಂದು ತಾಯಿಯ ಮಂಚ ಹಿತ್ತಲಿಗೆ ಹೋಯಿತು. ಅದಿದ್ದ ಜಾಗದಲ್ಲಿ ಮೇಜು ಹಾಕಿ, ಚಾಪೆಯ ಮೇಲೆ ಕೂತು ನಾನು ಒಂದೊಂದೇ ಭಾಗ ಜೋಡಿಸಿದೆ. ಅವರು ಪಕ್ಕದಲ್ಲಿ ಕೂತು ಕೇಳಿದ ಕೇಳಿದ ಸ್ಕ್ರೂವನ್ನು ಕೈಗೆ ಕೊಡುತ್ತಿದ್ದರು. ಗುಂಡಿ ಒತ್ತಿದಾಗ ಫ್ಯಾನು ತಿರುಗಿ, ಪರದೆ ಬೆಳಗಿತು. “ಅತ್ತತು ಕೂಸು,” ಎಂದರು ಸಿಸ್ಟರ್.

ಮೊದಮೊದಲು ಆಟದಲ್ಲಿ ಬಹಳ ಬಿದ್ದರು. ಒಂದು ಕೈಯಲ್ಲಿ ಗುಂಡಿ ಒತ್ತಿ ನಡೆಯುವುದು, ಇನ್ನೊಂದು ಕೈಯಲ್ಲಿ ಮೌಸ್ ಆಡಿಸಿ ಸುತ್ತ ನೋಡುವುದು ಒಟ್ಟಿಗೆ ಬರುತ್ತಿರಲಿಲ್ಲ. ಕುದುರೆ ಸಮೇತ ಕಮರಿಗೆ ಉರುಳಿದಾಗ ಗೋಡೆಯಾಚೆಯಿಂದ “ಸತ್ತೆ,” ಎಂದು ಶಾಂತವಾಗಿ ಹೇಳುವುದು ಕೇಳುತ್ತಿತ್ತು. ದಿನಗಳೆದಂತೆ ಆ ಮಾತು ನಿಂತು ಗೊರಸಿನ ಸದ್ದು ಮಾತ್ರ ಉಳಿಯಿತು. ಆಟದಲ್ಲಿ ಕಾಳಗವಿತ್ತು, ಗೆಲ್ಲಬೇಕಾದ ಕೋಟೆಗಳಿದ್ದವು. ಅವರು ಅತ್ತ ಹೋಗುತ್ತಿರಲಿಲ್ಲ. “ರಕ್ತ ದಿನಾ ನೋಡ್ತೀನಿ. ಅಲ್ಲಿ ಸುತ್ತು ಹಾಕ್ಕೊಂಡು ಹೋಗ್ತೀನಿ.” ಸಂಜೆ ನಾನು ರೊಟ್ಟಿ ಬಡಿಯುವಾಗ ಆಚೆ ಕುದುರೆ ನಡೆಯುತ್ತಿರುತ್ತಿತ್ತು. ಆ ಸದ್ದಿಗೆ ನಾನೂ ಒಗ್ಗಿಹೋದೆ. ನನ್ನ ಗಂಡ ಆಗ ಕೆಲಸದ ಮೇಲೆ ಬೇರೆ ಊರಲ್ಲಿದ್ದ. ಎರಡು ಮನೆಗಳಲ್ಲೂ ಒಬ್ಬೊಬ್ಬರೇ.

ಅವರ ತಮ್ಮ ಬಂದದ್ದು ಆ ವರ್ಷದ ಮಳೆಗಾಲದಲ್ಲಿ. ನಾನು ಏನೋ ಸರಿಮಾಡಿಕೊಡಲು ಅಲ್ಲೇ ಇದ್ದೆ. ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಅವನು ಹರಪನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತ. ಓದಿಸಿದ್ದು ಅಕ್ಕ, ಮನೆ ಕಟ್ಟುವಾಗ ಕೈ ಹಿಡಿದದ್ದು ಅಕ್ಕ, ಅವನ ಮಗಳ ಮದುವೆಗೆ ಕೈಯ ಬಳೆ ಬಿಚ್ಚಿ ಕೊಟ್ಟದ್ದೂ ಅಕ್ಕನೇ.

“ಇದೇನಕ್ಕ ಇದು? ಆಸ್ಪತ್ರೆಯವ್ರು ಕೊಟ್ರಾ?”

“ಇಲ್ಲ, ನಾನ ತಗೊಂಡೆ.”

ಅವನು ಮೇಜಿನ ಸುತ್ತ ಒಂದು ಸುತ್ತು ಬಂದ. “ಚಲೋ ಆತು ಬಿಡು. ಹುಡುಗ ಡಿಪ್ಲೊಮಾ ಸೇರ್ಕೊಂಡಾನೆ, ಅವನಿಗೆ ಇಂಥದೇ ಬೇಕಂತೆ. ಮುಂದಿನ ವಾರ ಗಾಡಿ ತರ್ತೀನಿ. ನಿನಗೆ ಫೋನ್ ಐತಲ್ಲ.”

ಸಿಸ್ಟರ್ ಚಹಾ ಸೋಸುತ್ತಿದ್ದರು. “ಇದನ್ನ ಕೊಡಂಗಿಲ್ಲಪಾ,” ಎಂದರು.

“ಯಾಕೆ?”

“ನನಗ ಬೇಕು.”

“ನಿನಗೆ ಯಾತಕ್ಕೆ ಬೇಕಕ್ಕ?”

“ಆಡಾಕ.”

ಅವನು ನಕ್ಕ. ಅಕ್ಕ ನಗದಿರುವುದು ನೋಡಿ ನಿಲ್ಲಿಸಿದ. “ಮಂದಿ ಕೇಳಿದ್ರೆ ಏನಂತಾರೆ? ಗಂಡಿಲ್ಲ, ಮಕ್ಕಳಿಲ್ಲ, ಕೊನೆಗೆ ತಲೆನೂ ಕೆಟ್ಟೈತೆ ಅಂತಾರೆ.” ಸಿಸ್ಟರ್ ಸೋಸಿದ ಚಹಾದ ಕಪ್ಪನ್ನು ಬಸಿಯಲ್ಲಿಟ್ಟು ತಂದು ಅವನ ಮುಂದಿಟ್ಟರು. ಅವನು ಮುಟ್ಟದೆ ಎದ್ದ. ಹೆಂಡತಿಯೂ ಹಿಂದೆ ಹೋದಳು.

ನಾಗರಪಂಚಮಿಗೆ ಅಕ್ಕನನ್ನು ಮನೆಗೆ ಕರೆದೊಯ್ಯಲು ತಮ್ಮ ಪ್ರತಿವರ್ಷ ಬರುತ್ತಿದ್ದ. ಆ ವರ್ಷ ಬರಲಿಲ್ಲ. ಸಿಸ್ಟರ್ ಹಬ್ಬದ ದಿನ ಮಧ್ಯಾಹ್ನದವರೆಗೆ ಹೊಸ ಸೀರೆಯುಟ್ಟುಕೊಂಡೇ ಇದ್ದರು. ಆಮೇಲೆ ತಟ್ಟೆಯಲ್ಲಿ ಶೇಂಗಾ ಉಂಡೆ ಹಿಡಿದು ನನ್ನ ಮನೆಗೆ ಬಂದರು.

“ಕೊಟ್ಟಿದ್ರ ಬರ್ತಿದ್ದ ನೋಡವ್ವಾ,” ಎಂದರು. ನನ್ನನ್ನು ಮೇಡಂ ಎನ್ನದೆ ಅವ್ವಾ ಎಂದದ್ದು ಅದೇ ಮೊದಲು.

“ಕೊಡಬೇಕಿತ್ತೇನ್ರಿ?”

ತಟ್ಟೆಯನ್ನು ನನ್ನ ಕಡೆ ಸರಿಸಿದರು. “ಇಲ್ಲ. ಆದ್ರ ಬರ್ಲಿಲ್ಲಲ್ಲ.”

ಬೇಸಿಗೆಯಲ್ಲಿ ಗ್ರಾಫಿಕ್ಸ್ ಕಾರ್ಡು ಹೋಯಿತು. ನಮ್ಮ ಸೀಮೆಯ ಬಿಸಿಲಿಗೆ ಮನುಷ್ಯರೇ ತಾಳುವುದಿಲ್ಲ, ಬಳಸಿದ ಕಾರ್ಡು ಎಷ್ಟು ತಾಳೀತು? ಪರದೆಯ ಮೇಲೆ ಗೆರೆಗಳೆದ್ದು ಎಲ್ಲ ಕಪ್ಪಾಯಿತು. ಹೊಸಪೇಟೆಗೆ ಕಳಿಸಿದೆವು, ರಿಪೇರಿ ಆಗುವುದಿಲ್ಲ ಎಂದರು. ಅಷ್ಟರಲ್ಲಿ ಕಾರ್ಡುಗಳ ಬೆಲೆಯೂ ಏರಿಬಿಟ್ಟಿತ್ತು. ಕಾರ್ಡು ತೆಗೆದು, ಪ್ರೊಸೆಸರಿನ ಒಳಗಿನ ಶಕ್ತಿಯಿಂದಲೇ ಆಟ ಓಡುವಂತೆ ಮಾಡಿಕೊಟ್ಟೆ. ಓಡಿತು, ಆದರೆ ಎಲ್ಲವನ್ನೂ ತೀರ ಕೆಳಕ್ಕಿಳಿಸಬೇಕಾಯಿತು. ನೆರಳು ಹೋಯಿತು. ಬೆಟ್ಟಗಳು ಮಣ್ಣಿನ ಮುದ್ದೆಯಂತಾದವು. ಬಯಲಲ್ಲಿ ಹುಲ್ಲೇ ಇಲ್ಲ, ಬರೀ ಹಸಿರು ಬಣ್ಣ ಬಳಿದ ನೆಲ. ನನಗೆ ನೋಡಲಾಗಲಿಲ್ಲ. ಅವರು ಕನ್ನಡಕ ಏರಿಸಿ ಮೆಲ್ಲಗೆ ಕುದುರೆಯನ್ನು ನಡೆಸಿದರು.

“ಹುಲ್ಲಿಲ್ಲ ಅಷ್ಟ. ದಾರಿ ಐತಲ್ಲ,” ಎಂದರು.

ಮುಂದಿನ ವರ್ಷ ನನಗೆ ಹಡಗಲಿಯ ಕಾಲೇಜಿಗೆ ವರ್ಗವಾಯಿತು. ಸಾಮಾನು ಹೇರುವ ದಿನ ಅವರಿಗೆ ಡ್ಯೂಟಿ ಇತ್ತು. ವಾರ್ಡಿನಿಂದ ಹಾಗೇ ಬಂದು ಲಾರಿಯ ಪಕ್ಕ ನಿಂತು ನನ್ನ ಮಣಿಕಟ್ಟು ಹಿಡಿದುಕೊಂಡರು. “ಬಾಜೂ ಮನಿಗೆ ಯಾರ್ ಬರ್ತಾರೋ,” ಎಂದರು. ಆಮೇಲೆ ವಾರಕ್ಕೊಮ್ಮೆ ಇದ್ದ ಫೋನು ತಿಂಗಳಿಗೊಮ್ಮೆ ಆಯಿತು. ಹೊಸ ಊರು, ಹೊಸ ಕಾಲೇಜು, ಗಂಡನೂ ಬಂದು ಸೇರಿಕೊಂಡಿದ್ದ, ಆಮೇಲೆ ಮಗುವಾಯಿತು. ಎಲ್ಲರಿಗೂ ಆಗುವ ಹಾಗೆಯೇ ಆಯಿತು.

ನಿವೃತ್ತಿಯ ಬೀಳ್ಕೊಡುಗೆಗೆ ಕರೆದಿದ್ದರು. ಆಸ್ಪತ್ರೆಯ ಮೇಲ್ಮಹಡಿಯಲ್ಲಿ ಶಾಮಿಯಾನ, ಶಾಲು, ಹಣ್ಣಿನ ಬುಟ್ಟಿ. ತಮ್ಮ ಬಂದಿರಲಿಲ್ಲ. ವೈದ್ಯರೊಬ್ಬರು ಮಾತಾಡುತ್ತ, ಸಿಸ್ಟರ್ ಇನ್ನು ಮುಂದೆ ಧ್ಯಾನ, ಪ್ರವಾಸ, ಬಂಧುಬಳಗ ಎಂದು ನೆಮ್ಮದಿಯಾಗಿ ಕಾಲ ಕಳೆಯಲಿ ಎಂದು ಹಾರೈಸಿದರು. ಕೊನೆಗೆ ಇವರ ಕೈಗೆ ಮೈಕು ಬಂತು. ಯಾವತ್ತೂ ಮೈಕು ಹಿಡಿದವರಲ್ಲ.

“ಎಲ್ಲಾರಿಗೂ ನಮಸ್ಕಾರ್ರಿ. ನಾನು ಮನಿಗೆ ಹೋಗ್ತೀನಿ. ಕಂಪ್ಯೂಟರ್‌ನಾಗ ಗೇಮ್ ಆಡ್ತೀನಿ.”

ಶಾಮಿಯಾನವೆಲ್ಲ ಗೊಳ್ಳೆಂದು ನಕ್ಕಿತು. ಚಪ್ಪಾಳೆಯೂ ಬಿತ್ತು. ಸಿಸ್ಟರ್ ಇಷ್ಟು ತಮಾಷೆಯವರೆಂದು ಗೊತ್ತಿರಲಿಲ್ಲ ಎಂದು ನನ್ನ ಪಕ್ಕದ ಹುಡುಗಿ ಕಣ್ಣೊರೆಸಿಕೊಂಡಳು. ಅವರು ಮೈಕು ಹಿಡಿದೇ ನಿಂತಿದ್ದರು, ಮುಂದೇನೋ ಹೇಳುವುದಿದೆ ಎಂಬಂತೆ. ನಗು ನಿಲ್ಲುವಷ್ಟರಲ್ಲಿ ಮೈಕನ್ನು ಮೇಜಿನ ಮೇಲಿಟ್ಟು ಕೂತರು.

ನಿವೃತ್ತಿಯ ಹಣದ ಮೊದಲ ಕಂತು ಬಂದಾಗ ಹೊಸ ಕಾರ್ಡು ತಂದರು. ಹೊಸಪೇಟೆಯ ಅದೇ ಯುವಕ ಮನೆಗೇ ಬಂದು ಹಾಕಿಕೊಟ್ಟನಂತೆ. ಅಂದು ಫೋನಿನಲ್ಲಿ ಅವರ ದನಿ ಹುಡುಗಿಯದಾಗಿತ್ತು. “ಗಾಳಿ ಬಂದ್ರ ಹುಲ್ಲು ಬಾಗ್ತೈತವ್ವಾ! ಮೊದಲಿನಂಗಲ್ಲ, ಇನ್ನೂ ಚಲೋ. ನೀ ಒಂದ್ಸಲ ಬಂದು ನೋಡು.” ಬರುತ್ತೇನೆ ಎಂದೆ.

ಕೊನೆಯ ಸಲ ಮಾತಾಡಿದಾಗ ಅಷ್ಟು ಉಲ್ಲಾಸವಿರಲಿಲ್ಲ. ಆಡ್ತೀರೇನು ಎಂದು ಕೇಳಿದೆ.

“ಆಡ್ತೀನಿ. ಈಗ ದಿನಾ ಪೂರಾ ನಂದ. ಆದ್ರ ದಿನಾ ಪೂರಾ ಆಡಾಕ ಆಗಂಗಿಲ್ಲ ನೋಡು. ಡ್ಯೂಟಿ ಇದ್ದಾಗ ಮನಿಗೆ ಬರೋದು ಅಂತ ಒಂದಿತ್ತು. ಈಗ ಎಲ್ಲಿಂದ ಬರ್ಲಿ?” ಎಂದು ಸ್ವಲ್ಪ ನಕ್ಕರು. “ಇರ್ಲಿ ಬಿಡು. ನಿನ್ನ ಮಗೂ ಹೆಂಗೈತಿ? ಊಟ ಮಾಡ್ತೈತಾ?”

ಹೃದಯಾಘಾತವಾಗಿತ್ತಂತೆ. ಬೆಳಿಗ್ಗೆ ಹಾಲಿನವನು ಇಟ್ಟುಹೋದ ಹಾಲು ಮಧ್ಯಾಹ್ನವಾದರೂ ಬಾಗಿಲಲ್ಲೇ ಇದ್ದದ್ದು ನೋಡಿ, ನಾನಿದ್ದ ಮನೆಗೆ ಬಂದ ಹೊಸಬರು ಬಾಗಿಲು ಬಡಿದರಂತೆ. ಎಷ್ಟು ಜನರ ನಾಡಿ ಹಿಡಿದಿದ್ದವರು, ಆ ಹೊತ್ತಿಗೆ ಪಕ್ಕದಲ್ಲಿ ಒಬ್ಬರೂ ಇರಲಿಲ್ಲ. ತಮ್ಮ ಬಂದು ಮಾಡಬೇಕಾದ್ದೆಲ್ಲ ಮಾಡಿದ. ಅತ್ತನೆಂದೂ ಹೇಳಿದರು.

ನಾನು ಹೋದದ್ದು ಮೂರನೆಯ ದಿನ. ಅಂಗಳದಲ್ಲಿ ಬಾಡಿಗೆಯ ಕುರ್ಚಿಗಳಿದ್ದವು, ಕೂತವರು ಕಡಿಮೆ. ತಮ್ಮ ನನ್ನನ್ನು ಗುರುತು ಹಿಡಿದು ಎದ್ದು ಬಂದ. ಕಣ್ಣು ಕೆಂಪಾಗಿತ್ತು. ಏನೇನೋ ಹೇಳಹೊರಟು, ಕೊನೆಗೆ, “ಆ ಕಂಪ್ಯೂಟರ್ ಏನು ಮಾಡ್ಬೇಕೋ ಗೊತ್ತಾಗವಲ್ದು ಮೇಡಂ. ಹುಡುಗ ಬೇರೆ ತಗಂಡಾನೆ. ಯಾರಾದ್ರೂ ತಗೊಳೋರಿದ್ರೆ ನೋಡ್ರಿ,” ಎಂದ. ಆಯಿತೆಂದು ಒಳಗೆ ಹೋದೆ.

ನಡುಮನೆಯಲ್ಲಿ ಅವನ ಹೆಂಡತಿ ಒಬ್ಬಳೇ ಇದ್ದಳು. ಗಂಡನ ಅಕ್ಕನ ಸೀರೆಗಳನ್ನು ಮಡಿಸಿ ಒಂದರ ಮೇಲೊಂದು ಇಡುತ್ತಿದ್ದಳು. ನನಗೆ ಕುರ್ಚಿ ಎಳೆದುಕೊಟ್ಟು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

“ಮೇಡಂ, ಅದನ್ನ ಹಚ್ಚಾಕೆ ಬರ್ತೈತಾ ನಿಮಗೆ? ಏನು ನೋಡ್ತಿದ್ರು ಅಕ್ಕಾರು ಅದ್ರಾಗೆ? ಒಮ್ಮೆ ತೋರಿಸ್ರಿ.”

ಹಚ್ಚಿದೆ. ಆಟ ಅವರು ಬಿಟ್ಟುಹೋದಲ್ಲೇ ತೆರೆದುಕೊಂಡಿತು. ಒಂದು ಹೊಳೆಯ ದಂಡೆ. ನೀರಿಗೆ ಸ್ವಲ್ಪ ಈಚೆ ಕುದುರೆ, ಅದರ ಮೇಲೆ ಕೂತ ಸವಾರ. ಬೆಳಗಿನ ಬೆಳಕು. ಕುದುರೆ ಒಮ್ಮೆ ಕಿವಿ ಅಲ್ಲಾಡಿಸಿತು. ಆಕೆ ಮಡಿಲಲ್ಲಿದ್ದ ಸೀರೆಯನ್ನು ಹಾಗೇ ಹಿಡಿದು ಹತ್ತಿರ ಬಂದಳು.

“ಇಷ್ಟು ದೊಡ್ಡ ಜಾಗದಾಗೆ ಅಕ್ಕಾರು ಒಬ್ರೇ ಇದ್ರಾ?”

“ಒಬ್ರೇ.”

“ಅಂಜಿಕೆ ಆಗ್ತಿರಲಿಲ್ವಾ?”

ನಾನು ಎದ್ದು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಹೋಗುವ ಗುಂಡಿ ಯಾವುದೆಂದು ತೋರಿಸಿದೆ. ಆಕೆ ಸೆರಗಿಗೆ ಬೆರಳು ಒರೆಸಿಕೊಂಡು ಅಂಜುತ್ತ ಒತ್ತಿದಳು. ಕುದುರೆ ನೀರಿಗಿಳಿಯಿತು. ಬೆಚ್ಚಿ ಕೈ ತೆಗೆದಳು, ಕುದುರೆ ನಿಂತಿತು. ಮತ್ತೆ ಒತ್ತಿದಳು. ಹೊಳೆ ದಾಟಿ ಆಚೆ ದಂಡೆ ಹತ್ತಿ, ಎರಡು ಗುಡ್ಡಗಳ ನಡುವೆ ಹೋಗುವ ಒಂದು ಕಾಲುದಾರಿಯ ಮುಂದೆ ಬಂದಳು.

ಹೊರಗಿನಿಂದ ಗಂಡ ಕೂಗಿದ. ಯಾರೋ ಬಂದಿದ್ದರು, ಚಹಾ ಬೇಕಿತ್ತು.

“ಬಂದೆ, ತಡೀರಿ,” ಎಂದಳು. ಆದರೆ ಏಳಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ ನನ್ನನ್ನು ಕೇಳಿದಳು:

“ಈ ದಾರಿ ಎಲ್ಲಿಗೆ ಹೋಗ್ತೈತೆ ಮೇಡಂ?”

“ನನಗೂ ಗೊತ್ತಿಲ್ಲಕ್ಕಾ,” ಎಂದೆ. ಆಕೆ ಮತ್ತೆ ಗುಂಡಿಯ ಮೇಲೆ ಬೆರಳಿಟ್ಟಳು.

ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.